ಬೈಗುಳವೇ ಹೆಸರಾದ ನಟಿ

ದಕ್ಷಿಣ ಅಮೆರಿಕದ ಪೆರು ದೇಶದ ಲಿಮಾ ನಗರದಲ್ಲಿ ಎರಡೂವರೆ ಶತಮಾನದ ಹಿಂದೆ ಒಬ್ಬ ನಟಿ ಇದ್ದಳು. ಹೆಸರು ಮಿಕಾಯೆಲಾ ವಿಯೆಗಾಸ್. ಈ ಹೆಸರು ಹೇಳಿದರೆ ಹೊರಗಿನವರು ಯಾರಪ್ಪಾ ಅದು ಎಂದು ಕೇಳಿಯಾರು. ‘ಲಾ ಪೆರಿಚೋಲಿ’ ಎಂದರೆ ಮಾತ್ರ ನಾಟಕ, ಒಪೆರಾ, ಹಳೆಯ ಸಿನಿಮಾ ಬಲ್ಲ ಎಷ್ಟೋ ಮಂದಿ ಗುರುತು ಹಿಡಿಯುತ್ತಾರೆ.

ಆ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ, ಆಕೆ ಬಯಸಿ ಇಟ್ಟುಕೊಂಡದ್ದೂ ಅಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ ‘ಪೆರಾ’ ಎಂದರೆ ಹೆಣ್ಣುನಾಯಿ. ‘ಚೋಲಾ’ ಎನ್ನುವುದು ಅಲ್ಲಿನ ಮೂಲನಿವಾಸಿಗಳ ರಕ್ತ ಬೆರೆತ ಹೆಣ್ಣನ್ನು ಹೀಗಳೆಯಲು ಬಳಸುತ್ತಿದ್ದ ಮಾತು. ಇವೆರಡೂ ಸೇರಿ ಪೆರಿಚೋಲಿ ಆಯಿತು ಎನ್ನುವುದು ಎಲ್ಲರೂ ಹೇಳುವ ಕಥೆ. ಇಲ್ಲ, ಅದು ಕತಲಾನ್ ಭಾಷೆಯ ಮುದ್ದುಮಾತಿನಿಂದ ಬಂದದ್ದು ಎನ್ನುವವರೂ ಇದ್ದಾರೆ. ಮೂಲ ಏನೇ ಇರಲಿ, ಲಿಮಾದ ಬೀದಿಯಲ್ಲಿ ಆಡಿಕೊಳ್ಳುವವರ ಬಾಯಲ್ಲಿ ಅದು ಬೈಗುಳವೇ ಆಗಿತ್ತು. ಇವತ್ತು ಆಕೆ ಜಗತ್ತಿಗೆ ಗೊತ್ತಿರುವುದು ಆ ಬೈಗುಳದಿಂದಲೇ.

ನನಗೆ ಆಕೆ ಸಿಕ್ಕಿದ್ದು ಕಾಲೇಜು ಲೈಬ್ರರಿಯ ಒಂದು ಇಂಗ್ಲಿಷ್ ಕಾದಂಬರಿಯಲ್ಲಿ. ಅಮೆರಿಕದ ಥಾರ್ನ್‌ಟನ್ ವೈಲ್ಡರ್ 1927ರಲ್ಲಿ ಬರೆದ ‘ದಿ ಬ್ರಿಜ್ ಆಫ್ ಸ್ಯಾನ್ ಲೂಯಿ ರೇ’ ಅದರ ಹೆಸರು. ಪೆರುವಿನ ಹಗ್ಗದ ಸೇತುವೆಯೊಂದು ಕಡಿದು ಐದು ಮಂದಿ ಸಾಯುವ ಕಥೆ. ಅದರಲ್ಲಿ ಕಮಿಲಾ ಪೆರಿಚೋಲ್ ಎಂಬ ನಟಿ ಬರುತ್ತಾಳೆ. ಸಿಡುಬು ಬಂದು ಆಕೆಯ ರೂಪ ಹಾಳಾಗುತ್ತದೆ, ಆಕೆ ಜನರಿಂದ ಮುಖ ಮರೆಸಿಕೊಳ್ಳುತ್ತಾಳೆ. ಓದಿ ಮುಗಿಸಿದ ಮೇಲೆ ಈಕೆ ನಿಜವಾಗಿ ಇದ್ದವಳೇ ಎಂಬ ಕುತೂಹಲ ಹುಟ್ಟಿ ಹುಡುಕಿದೆ. ಇದ್ದವಳೇ. ಆದರೆ ಕಾದಂಬರಿಯಲ್ಲಿ ಸೇತುವೆ ಬೀಳುವುದು 1714ರಲ್ಲಿ, ನಿಜವಾದ ಮಿಕಾಯೆಲಾ ಹುಟ್ಟಿದ್ದು 1748ರಲ್ಲಿ. ಆಕೆ ಹುಟ್ಟುವ ಮೂವತ್ತನಾಲ್ಕು ವರ್ಷ ಮೊದಲೇ ಕಥೆಗಾರ ಆಕೆಯನ್ನು ನಟಿ ಮಾಡಿ ಕೂರಿಸಿದ್ದ! ಕಾದಂಬರಿಕಾರನಿಗೆ ಆ ಸ್ವಾತಂತ್ರ್ಯ ಇದೆ, ಒಪ್ಪೋಣ. ಆದರೆ ನಿಜವಾದ ಬದುಕು ಹೇಗಿತ್ತು ಎಂದು ತಿಳಿಯುವ ಹಠ ನನಗೆ ಬಂದದ್ದು ಅಲ್ಲಿಂದ.

ಆಗ ಪೆರು ಸ್ಪೇನ್ ದೊರೆಯ ವಸಾಹತು. ದೊರೆಯ ಪರವಾಗಿ ಆಳುವ ವೈಸರಾಯ್ ಇರುತ್ತಿದ್ದದ್ದು ಲಿಮಾದಲ್ಲಿ. 1746ರ ಅಕ್ಟೋಬರ್ 28ರ ರಾತ್ರಿ ಅಲ್ಲಿ ಭಾರಿ ಭೂಕಂಪವಾಯಿತು. ಮನೆ, ಚರ್ಚು, ಅರಮನೆ ಎಲ್ಲ ಕುಸಿದವು. ಪಕ್ಕದ ಬಂದರು ಕಯಾವೊವನ್ನು ಸಮುದ್ರವೇ ನುಂಗಿಬಿಟ್ಟಿತು. ಇದಾಗಿ ಎರಡು ವರ್ಷ ಕಳೆಯುವ ಮೊದಲೇ, 1748ರ ಸೆಪ್ಟೆಂಬರ್ 28ರಂದು, ಮಿಕಾಯೆಲಾ ಹುಟ್ಟಿದಳು. ಮತ್ತೆ ಕಟ್ಟಿಕೊಳ್ಳುತ್ತಿದ್ದ ಊರಿನಲ್ಲಿ, ಹಣಕಾಸಿನಲ್ಲಿ ಅಷ್ಟಕ್ಕಷ್ಟೇ ಇದ್ದ ಮನೆಯಲ್ಲಿ ಬೆಳೆದ ಹುಡುಗಿ.

ಊರಿನ ಜೊತೆಗೇ ರಂಗಮಂದಿರವೂ ಮತ್ತೆ ಎದ್ದು ನಿಂತಿತ್ತು. ಅದರ ಹೆಸರು ಕೊಲಿಸಿಯೊ. ಇದರ ವ್ಯವಸ್ಥೆಯೇ ಸ್ವಾರಸ್ಯಕರ. ನಾಟಕದಿಂದ ಬಂದ ಆದಾಯದಲ್ಲಿ ಒಂದು ಪಾಲು ಸ್ಯಾನ್ ಆಂದ್ರೆಸ್ ಎಂಬ ಆಸ್ಪತ್ರೆಗೆ ಸಲ್ಲಬೇಕು. ಅಂದರೆ ನಟ ನಟಿಯರು ಕುಣಿದು ಹಾಡಿದರೆ ರೋಗಿಗಳಿಗೆ ಗಂಜಿ, ಔಷಧ. ಹಾಗೆಂದು ನಟರಿಗೆ ಮರ್ಯಾದೆ ಇತ್ತೇ? ಇರಲಿಲ್ಲ. ಸಂಜೆ ಹೊತ್ತು ನಾಟಕ ನೋಡಿ ಚಪ್ಪಾಳೆ ತಟ್ಟುತ್ತಿದ್ದ ದೊಡ್ಡ ಮನೆತನದವರೇ ಬೆಳಿಗ್ಗೆ ಅದೇ ನಟಿ ಎದುರು ಬಂದರೆ ಮುಖ ತಿರುಗಿಸುತ್ತಿದ್ದರು. ದುಡ್ಡು ಬೇಕು, ಮನರಂಜನೆ ಬೇಕು, ಆದರೆ ಆ ಕಸುಬಿನವರು ಮಾತ್ರ ಬೇಡ.

ಮಿಕಾಯೆಲಾ ಹದಿಹರೆಯದಲ್ಲೇ ರಂಗಕ್ಕೆ ಬಂದಳು. ಸ್ಪೇನ್‌ನ ದೊಡ್ಡ ನಾಟಕಕಾರರಾದ ಲೋಪೆ ದೆ ವೇಗಾ, ಕಾಲ್ದೆರಾನ್ ಬರೆದ ನಾಟಕಗಳನ್ನು ಆಡುತ್ತಿದ್ದ ಕಾಲ ಅದು. ಎಲ್ಲವೂ ಪದ್ಯದಲ್ಲಿ. ಸಾಲು ಸಾಲು ಉರು ಹೊಡೆಯಬೇಕು. ನಾಟಕದ ನಡುನಡುವೆ ಹಾಡು, ಕುಣಿತ, ನಗೆಯಾಟವೂ ಇರಬೇಕು. ಆಕೆ ತೀರಿಕೊಂಡು ಹದಿನಾಲ್ಕು ವರ್ಷವಾದ ಮೇಲೆ ಹುಟ್ಟಿದ ಪೆರುವಿನ ಲೇಖಕ ರಿಕಾರ್ಡೊ ಪಾಲ್ಮಾ ಊರಿನ ಹಳೆಯ ಮಾತುಗಳನ್ನೆಲ್ಲ ಹೆಕ್ಕಿ ಆಕೆಯ ಬಗ್ಗೆ ಬರೆದಿದ್ದಾನೆ. ಅವನ ಪ್ರಕಾರ ಆಕೆ ಮಹಾ ಸುಂದರಿಯೇನಲ್ಲ. ಗಿಡ್ಡ ಮೈಕಟ್ಟು, ಮುಖದಲ್ಲಿ ಅಲ್ಲಲ್ಲಿ ಸಿಡುಬಿನ ಕಲೆ. ಆದರೆ ಮಾತಿನಲ್ಲಿ ಚುರುಕು, ನಡೆಯಲ್ಲಿ ಬಿಂಕ, ಗಿಟಾರ್ ಮತ್ತು ಹಾರ್ಪ್ ನುಡಿಸುವ ಕೈ. ರಂಗದ ಮೇಲೆ ನಿಂತರೆ ಜನರ ಕಣ್ಣು ಬೇರೆ ಕಡೆಗೆ ಹೋಗುತ್ತಿರಲಿಲ್ಲ.

ಹಾಗೆ ಹೋಗದ ಕಣ್ಣುಗಳಲ್ಲಿ ವೈಸರಾಯ್ ಕಣ್ಣೂ ಒಂದು. ಮಾನ್ಯುಯೆಲ್ ದೆ ಅಮಾತ್ 1761ರಿಂದ 1776ರವರೆಗೆ ಪೆರುವನ್ನು ಆಳಿದವನು. ಲಿಮಾದಲ್ಲಿ ಇಂದಿಗೂ ಇರುವ ಆಚೊ ಗೂಳಿಕಾಳಗದ ಕಣ ಕಟ್ಟಿಸಿದ್ದು ಅವನ ಕಾಲದಲ್ಲಿ. ಜೆಸ್ಯುಯಿಟ್ ಪಾದ್ರಿಗಳನ್ನು 1767ರಲ್ಲಿ ದೇಶದಿಂದ ಹೊರಹಾಕಿದ್ದೂ ಅವನೇ. ಅರವತ್ತು ದಾಟಿದ ಈ ಬ್ರಹ್ಮಚಾರಿ ಅಧಿಕಾರಿಗೂ ಇನ್ನೂ ಇಪ್ಪತ್ತರ ಹೊಸ್ತಿಲಲ್ಲಿದ್ದ ನಟಿಗೂ ಸಂಬಂಧ ಬೆಳೆಯಿತು. ಒಬ್ಬ ಮಗ ಹುಟ್ಟಿದ. ತಂದೆಯ ಹೆಸರನ್ನೇ ಇಟ್ಟರು, ಮಾನ್ಯುಯೆಲ್.

ಈ ಸಂಬಂಧವನ್ನು ಪ್ರೇಮಕಥೆ ಎಂದು ಬಣ್ಣಿಸುವವರು ಬಹಳ. ನನಗೆ ಅಷ್ಟು ಸಲೀಸಾಗಿ ಹಾಗೆ ಅನ್ನಲು ಆಗುವುದಿಲ್ಲ. ಒಂದು ಕಡೆ ಇಡೀ ದೇಶದ ಅಧಿಕಾರ, ಇನ್ನೊಂದು ಕಡೆ ಮರ್ಯಾದೆಯಿಲ್ಲದ ಕಸುಬಿನ ಹುಡುಗಿ. ವಯಸ್ಸಿನ ಅಂತರವೇ ನಾಲ್ಕು ದಶಕಕ್ಕೂ ಹೆಚ್ಚು. ಆಕೆಯ ಮನಸ್ಸಿನಲ್ಲಿ ಏನಿತ್ತೋ ಯಾರು ಬಲ್ಲರು? ಊರು ಮಾತ್ರ ತೀರ್ಪು ಕೊಟ್ಟಾಗಿತ್ತು. ತಪ್ಪೆಲ್ಲ ಆಕೆಯದು. 1776ರ ಜುಲೈನಲ್ಲಿ ಅಮಾತ್ ಅಧಿಕಾರ ಬಿಟ್ಟ ಕೂಡಲೇ ಒಂದು ಅನಾಮಧೇಯ ಲೇವಡಿ ಬರಹ ಹೊರಬಿತ್ತು. ಚರ್ಚಿನ ಮೆಟ್ಟಿಲ ಮೇಲೆ ಇಬ್ಬರು ಹರಟೆಮಲ್ಲರು ಮೂರು ರಾತ್ರಿ ಕೂತು ಮಾತಾಡುವಂತೆ ಬರೆದದ್ದು. ಅದರಲ್ಲಿ ವೈಸರಾಯ್ ಜೊತೆಗೆ ಆಕೆಯನ್ನೂ ಹಿಗ್ಗಾಮುಗ್ಗಾ ಹಳಿದಿದ್ದರು. ಅವನು ಅಧಿಕಾರದಲ್ಲಿದ್ದಾಗ ಬಾಯಿ ಬಿಡದವರಿಗೆ ಅವನು ಹೊರಟ ಮೇಲೆ ಧೈರ್ಯ ಬಂದಿತ್ತು.

ಆಕೆಯ ಬಗ್ಗೆ ಪಾಲ್ಮಾ ಹೇಳುವ ಕಥೆಗಳಲ್ಲಿ ಎರಡು ಬಹಳ ಪ್ರಸಿದ್ಧ. ಮೊದಲನೆಯದು 1773ರದ್ದು ಎನ್ನುತ್ತಾನೆ. ಕಾಲ್ದೆರಾನ್ ನಾಟಕವೊಂದು ನಡೆಯುತ್ತಿತ್ತು. ಜೊತೆಗೆ ನಟಿಸುತ್ತಿದ್ದ ಮಾಸಾ ಎಂಬುವನೇ ನಾಟಕ ತಂಡದ ಯಜಮಾನ. ರಂಗದ ಮೇಲೆ ಆಕೆ ತನ್ನ ಸಾಲುಗಳನ್ನು ಹೇಳುತ್ತಿರುವಾಗಲೇ ಅವನು ಮೆಲ್ಲಗೆ, ಜನರಿಗೆ ಕೇಳದಂತೆ, ಈ ಪಾತ್ರವನ್ನು ಬೇರೊಬ್ಬ ನಟಿ ಇದಕ್ಕಿಂತ ಚೆನ್ನಾಗಿ ಮಾಡುತ್ತಿದ್ದಳು ಎಂದು ಚುಚ್ಚಿದ. ಪಾತ್ರಕ್ಕೆಂದು ಕೈಯಲ್ಲಿ ಚಾಟಿ ಇತ್ತು. ಆಕೆ ಅದನ್ನೇ ಬೀಸಿ ಅವನ ಮುಖಕ್ಕೆ ಬಾರಿಸಿದಳು. ಪರದೆ ಬಿತ್ತು, ಜನ ಎದ್ದು ನಿಂತು ಕೂಗಿದರು. ಸಿಟ್ಟಾದ ವೈಸರಾಯ್ ಆಕೆಯಿಂದ ದೂರವಾದ, ಕೆಲಕಾಲ ಆಕೆಗೆ ರಂಗವೂ ತಪ್ಪಿತು.

ಹೊಡೆದದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಆದರೆ ಈ ಕಥೆ ಹೇಳುವವರೆಲ್ಲ ಆಕೆಯ ಸೊಕ್ಕಿನ ಮೇಲೆ ಬೊಟ್ಟು ಮಾಡುತ್ತಾರೆ. ಸಿಟ್ಟು ಬಂದದ್ದು ಯಾವುದಕ್ಕೆ ಎಂದು ಕೇಳುವುದಿಲ್ಲ. ಊರೆಲ್ಲ ಬಾಯಿಗೆ ಬಂದಂತೆ ಆಡಿಕೊಂಡದ್ದನ್ನು ನುಂಗಿಕೊಂಡೇ ಬದುಕುತ್ತಿದ್ದ ಹೆಣ್ಣು, ನಿನಗೆ ನಿನ್ನ ಕೆಲಸ ಬರುವುದಿಲ್ಲ ಎಂದಾಗ ಮಾತ್ರ ಕೈ ಎತ್ತಿದಳು. ಅದೂ ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ. ಮತ್ತೆ ಆಕೆ ರಂಗಕ್ಕೆ ಬಂದ ದಿನ ಅಳುಕುತ್ತಲೇ ಬಂದಳಂತೆ. ಜನ ಏನು ಮಾಡುತ್ತಾರೋ ಎಂಬ ಭಯ. ಆದರೆ ಹಾಡು ಶುರುವಾದ ಮೇಲೆ ಚಪ್ಪಾಳೆ ನಿಲ್ಲಲಿಲ್ಲವಂತೆ.

ಎರಡನೆಯದು ಸಾರೋಟಿನ ಕಥೆ. ಲಿಮಾದಲ್ಲಿ ಚಿನ್ನದ ಬಣ್ಣದ ಸಾರೋಟಿನಲ್ಲಿ ಮೆರೆಯುವುದೆಂದರೆ ಬಿರುದಾಂಕಿತ ಮನೆತನಗಳ ಠೀವಿ. ನಟಿಯೊಬ್ಬಳು ಅಂಥ ಸಾರೋಟು ಏರಿ ಹಬ್ಬಕ್ಕೆ ಹೊರಟಾಗ ಊರಿಗೆ ಊರೇ ಹುಬ್ಬೇರಿಸಿತು. ವಾಪಸು ಬರುವಾಗ, ಸಾಯುವ ಸ್ಥಿತಿಯಲ್ಲಿದ್ದ ಯಾರಿಗೋ ಪರಮ ಪ್ರಸಾದ ಕೊಡಲು ಒಬ್ಬ ಪಾದ್ರಿ ಬಿಸಿಲಲ್ಲಿ ನಡೆದು ಹೋಗುತ್ತಿರುವುದು ಕಂಡಿತು. ಆಕೆ ಕೂಡಲೇ ಕೆಳಗಿಳಿದು ಪಾದ್ರಿಯನ್ನು ಕೂರಿಸಿದಳು, ತಾನು ರೇಷ್ಮೆ ಉಡುಪಿನಲ್ಲೇ ಹಿಂದೆ ನಡೆದಳು. ಆಮೇಲೆ ಆ ಸಾರೋಟನ್ನೇ ಸ್ಯಾನ್ ಲಾಜರೊ ಚರ್ಚಿಗೆ ಕೊಟ್ಟುಬಿಟ್ಟಳು ಎನ್ನುತ್ತಾರೆ. ಇದರಲ್ಲಿ ಎಷ್ಟು ನಿಜ, ಎಷ್ಟು ಜನ ಸೇರಿಸಿದ್ದು ಎನ್ನುವುದು ಬೇರೆ ಮಾತು. ಯುರೋಪಿಗೆ ಹಡಗೇರಿದ ಕಥೆ ಇದೇ.

ಫ್ರಾನ್ಸ್‌ನ ಪ್ರಾಸ್ಪೆರ್ ಮೆರಿಮೆ 1829ರಲ್ಲಿ ಈ ಸಾರೋಟಿನ ಮೇಲೆಯೇ ಒಂದು ನಗೆನಾಟಕ ಬರೆದ. 1868ರಲ್ಲಿ ಜಾಕ್ ಒಫೆನ್‌ಬಾಖ್ ಪ್ಯಾರಿಸ್‌ನಲ್ಲಿ ‘ಲಾ ಪೆರಿಕೋಲ್’ ಎಂಬ ಹಾಡುನಾಟಕ ಆಡಿಸಿದ. ಅದರಲ್ಲಿ ಆಕೆ ರಂಗನಟಿಯೂ ಅಲ್ಲ, ಹಸಿದ ಬೀದಿ ಗಾಯಕಿ. ಆಮೇಲೆ ವೈಲ್ಡರ್ ಕಾದಂಬರಿ. 1952ರಲ್ಲಿ ಜಾನ್ ರೆನ್ವಾರ್ ‘ಚಿನ್ನದ ಸಾರೋಟು’ ಎಂಬ ಅರ್ಥದ ಹೆಸರಿಟ್ಟು ಸಿನಿಮಾ ಮಾಡಿದ. ಅದರಲ್ಲಿ ಇಟಲಿಯ ಆನ್ನಾ ಮಾನ್ಯಾನಿ ನಾಯಕಿ, ಪಾತ್ರವೂ ಇಟಲಿಯಿಂದ ಬಂದ ನಟಿಯದೇ. ಪೆರುವಿನ ಟಿ.ವಿ.ಯಲ್ಲೂ ಆಕೆಯ ಧಾರಾವಾಹಿ ಬಂದಿದೆ. ಒಂದೊಂದರಲ್ಲಿ ಒಂದೊಂದು ಪೆರಿಚೋಲಿ.

ಇವುಗಳ ಬಗ್ಗೆ ಓದುತ್ತಾ ಹೋದಂತೆ ಒಂದು ಲೆಕ್ಕ ನನ್ನ ತಲೆಯಲ್ಲಿ ಕೊರೆಯತೊಡಗಿತು. ಈ ಕಥೆಗಳಿಗೆಲ್ಲ ಬೇಕಾದದ್ದು ವೈಸರಾಯ್ ಮತ್ತು ನಟಿ. ಅಮಾತ್ ಅಧಿಕಾರ ಮುಗಿಸಿ ಸ್ಪೇನ್‌ಗೆ ಹೊರಟಾಗ ಆಕೆಗೆ ಇಪ್ಪತ್ತೆಂಟು. ಅವನು ಬಾರ್ಸಿಲೋನಾದಲ್ಲಿ ಅರಮನೆ ಕಟ್ಟಿಸಿದ, ಆ ಇಳಿವಯಸ್ಸಿನಲ್ಲಿ ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾದ, 1782ರಲ್ಲಿ ತೀರಿಕೊಂಡ. ಮಗನ ಜೊತೆ ಲಿಮಾದಲ್ಲೇ ಉಳಿದ ಮಿಕಾಯೆಲಾ ಬದುಕಿದ್ದು 1819ರವರೆಗೆ. ಅಂದರೆ ಕಥೆಗಾರರು ಪರದೆ ಎಳೆದ ಮೇಲೆ ಇನ್ನೂ ನಲವತ್ಮೂರು ವರ್ಷ. ಆ ನಲವತ್ಮೂರು ವರ್ಷ ಆಕೆ ಏನು ಮಾಡಿದಳು?

ಕೆಲಸ ಮಾಡಿದಳು. ಇದು ಗೊತ್ತಾಗುವುದು ಕಾದಂಬರಿಗಳಿಂದಲ್ಲ, ಇತಿಹಾಸಕಾರರು ಹುಡುಕಿ ತೆಗೆದ ಹಳೆಯ ಪತ್ರ, ಕರಾರುಗಳಿಂದ. ವೈಸರಾಯ್ ರಕ್ಷಣೆ ಇಲ್ಲ, ಊರಿನವರ ನಾಲಗೆ ಹಾಗೇ ಇದೆ. ಅಂಥ ಊರನ್ನು ಆಕೆ ಬಿಟ್ಟು ಓಡಲಿಲ್ಲ. ರಂಗಭೂಮಿಯ ನಂಟನ್ನೂ ಬಿಡಲಿಲ್ಲ. ನಟನೆಯಿಂದ ಮುಂದೆ ಹೋಗಿ ಅದೇ ಕೊಲಿಸಿಯೊ ರಂಗಮಂದಿರ ನಡೆಸುವ ವ್ಯವಹಾರಕ್ಕೆ ಕೈಹಾಕಿದಳು. ಅದರಲ್ಲಿ ಜೊತೆಗಾರನಾಗಿದ್ದವನು ವಿಸೆಂತೆ ಫೆರ್ಮಿನ್ ದೆ ಎಚಾರಿ. 1795ರಲ್ಲಿ ಅವನನ್ನೇ ಮದುವೆಯಾದಳು. ಆಗ ಆಕೆಗೆ ನಲವತ್ತಾರು. ಊರಿನ ಹೊಳೆಯಾಚೆಯ ರಿಮಾಕ್ ಬಡಾವಣೆಯಲ್ಲಿ ಮನೆ ಇತ್ತು, ಗಿರಣಿಯೂ ಇತ್ತು. ನಾಟಕ ಮಾಡಿ ಗೊತ್ತಿರುವವರಿಗೆ ರಂಗಮಂದಿರ ನಡೆಸುವುದೆಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ನಟರ ಸಂಬಳ, ಬಟ್ಟೆಬರೆ, ದೀಪದ ಖರ್ಚು, ಮುನಿಸಿಕೊಂಡವರ ರಂಪ, ಖಾಲಿ ಬಿದ್ದ ಬೆಂಚುಗಳು. ಹಿಂದೆ ತನ್ನ ಮೇಲೆ ಯಜಮಾನಿಕೆ ಮಾಡಿದವರ ಜಾಗದಲ್ಲಿ ಈಗ ತಾನೇ ನಿಂತಿದ್ದಳು.

ಚಾಟಿ ಬೀಸಿದ ಒಂದು ಸಂಜೆ ಎಲ್ಲರಿಗೂ ಗೊತ್ತು. ಲೆಕ್ಕದ ಪುಸ್ತಕ ಹಿಡಿದು ಕೂತ ವರ್ಷಗಳು ಯಾರಿಗೂ ಬೇಡ.

ಇದು ನನ್ನನ್ನು ಇಷ್ಟು ತಟ್ಟಲು ಒಂದು ಕಾರಣವಿದೆ. ಡಿಗ್ರಿ ಮುಗಿಸಿದ ಮೇಲೆ ನಾನು ಒಂದು ವರ್ಷ ಊರೂರು ತಿರುಗುವ ನಾಟಕ ತಂಡದಲ್ಲಿದ್ದೆ. ನಟನೆ ಅದರಲ್ಲಿ ಕಾಲುಭಾಗ. ಉಳಿದದ್ದು ಲಾರಿಗೆ ಸಾಮಾನು ತುಂಬಿಸುವುದು, ಸಂಘಟಕರಿಗೆ ಫೋನ್ ಮಾಡುವುದು, ಟಿಕೆಟ್ ದುಡ್ಡು ಎಣಿಸುವುದು, ಹದಿನೈದು ಜನಕ್ಕೆ ಊಟ, ಮಲಗುವ ಜಾಗ ನೋಡುವುದು, ಕರೆಂಟು ಹೋದರೆ ಜನರನ್ನು ಸಮಾಧಾನ ಮಾಡುವುದು. ವಾಪಸು ಬಂದಾಗ ನಮ್ಮ ಬೀದಿಯಲ್ಲಿ ನನಗೊಂದು ಹೆಸರು ಕಾಯುತ್ತಿತ್ತು, ‘ಕಂಪನಿ’. ಕಂಪನಿ ಬಂತು, ಕಂಪನಿ ಹೋಯಿತು. ದೊಡ್ಡಮ್ಮನ ಮಕ್ಕಳು ತಮಾಷೆಗೆ ಕರೆದದ್ದು ಅಂಗಡಿಯವನ ಬಾಯಿಗೂ ಬಂತು. ಗಂಡು ನೋಡಲು ಬರುವವರ ಮುಂದೆ ಆ ವರ್ಷದ ಮಾತೇ ಎತ್ತಬಾರದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಕೆಲಸದ ಇಂಟರ್‌ವ್ಯೂಗಳಲ್ಲೂ ಅದೇ ಕಥೆ. ಒಂದು ಕಡೆ ನನ್ನ ರೆಸ್ಯುಮೆ ನೋಡುತ್ತಿದ್ದವರು ಆ ಒಂದು ವರ್ಷದ ಮೇಲೆ ಪೆನ್ನು ಇಟ್ಟು ಇದು ಗ್ಯಾಪ್ ಅಲ್ಲವೇ ಎಂದು ಕೇಳಿದರು. ನಾಟಕ ಎಂದೆ. ಅವರು ಪಕ್ಕದವರ ಮುಖ ನೋಡಿ ನಕ್ಕರು. ಮುಂದಿನ ಪ್ರಶ್ನೆ ನಾನು ಹಾಡು ಹೇಳುತ್ತೇನೆಯೇ ಎಂಬುದಾಗಿತ್ತು. ಆ ವರ್ಷವನ್ನು ತೆಗೆದು ಏನೋ ಒಂದು ಕೋರ್ಸ್ ಮಾಡುತ್ತಿದ್ದೆ ಎಂದು ಬರೆದುಬಿಡು ಎಂದು ಸಲಹೆ ಕೊಟ್ಟವರು ಒಬ್ಬಿಬ್ಬರಲ್ಲ. ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳಿದವರು.

ನಾನು ತೆಗೆಯಲಿಲ್ಲ. ಬದಲಿಗೆ ‘ಹವ್ಯಾಸ’ದ ಕೆಳಗಿದ್ದ ಅದನ್ನು ‘ಕೆಲಸದ ಅನುಭವ’ದ ಕೆಳಗೆ ತಂದಿಟ್ಟೆ. ನಾಟಕದಲ್ಲಿ ಆಸಕ್ತಿ ಎನ್ನುವ ಪೊಳ್ಳು ಸಾಲು ಅಳಿಸಿ, ಏನೇನು ಮಾಡಿದೆ ಎಂದು ಒಂದೊಂದಾಗಿ ಬರೆದೆ. ಎಷ್ಟು ಪ್ರದರ್ಶನ, ಎಷ್ಟು ಊರು, ಯಾರ ಲೆಕ್ಕ, ಎಷ್ಟು ಜನರ ಹೊಣೆ. ಇದರಿಂದ ಕೆಲಸ ಸಿಕ್ಕಿತು ಎಂದು ಹೇಳಿ ನಿಮಗೆ ಸಿಹಿ ತಿನ್ನಿಸಲಾರೆ, ಇನ್ನೂ ಹುಡುಕುತ್ತಲೇ ಇದ್ದೇನೆ. ಆದರೆ ಈಗ ಯಾರಾದರೂ ಆ ಸಾಲಿನ ಮೇಲೆ ಬೆರಳಿಟ್ಟರೆ ಉತ್ತರ ಕೊಡಲು ನನ್ನ ಬಳಿ ಸಂಗತಿ ಇದೆ, ತಲೆ ತಗ್ಗಿಸುವಂಥದ್ದೇನೂ ಇಲ್ಲ. ನಿಮ್ಮಲ್ಲೂ ಎಷ್ಟೋ ಮಂದಿ ಅಪ್ಪನ ಅಂಗಡಿಯಲ್ಲಿ, ಕ್ಯಾಟರಿಂಗ್‌ನಲ್ಲಿ, ಮದುವೆ ಡೆಕೊರೇಷನ್‌ನಲ್ಲಿ, ಹೊಲದಲ್ಲಿ ದುಡಿದಿರುತ್ತೀರಿ. ಅದನ್ನು ಗ್ಯಾಪ್ ಎಂದು ಬೇರೆಯವರು ಕರೆದರೆ ಕರೆಯಲಿ. ನಾವೇ ಹಾಗೆ ಬರೆದುಕೊಡುವುದು ಬೇಡ.

ಮಿಕಾಯೆಲಾ ನನ್ನ ಹಾಗೆ ಪಟ್ಟಿ ಬರೆದಿಡಲಿಲ್ಲ. ಆಕೆಯ ಪರವಾಗಿ ಮಾತಾಡಲು ಉಳಿದದ್ದು ಕರಾರು ಪತ್ರಗಳು ಮಾತ್ರ. ಅವುಗಳನ್ನು ಓದುವವರು ಬರಲು ನೂರಾರು ವರ್ಷ ಬೇಕಾಯಿತು. ಅಷ್ಟರಲ್ಲಿ ಊರಿನ ಮಾತು ಕಥೆಯಾಗಿ, ಕಥೆ ಹಾಡಾಗಿ, ಹಾಡು ಸಿನಿಮಾ ಆಗಿ ಹೋಗಿತ್ತು. ರಿಮಾಕ್‌ನಲ್ಲಿ ಅಮಾತ್ ಶುರುಮಾಡಿಸಿ ಮುಗಿಸದೇ ಹೊರಟ ‘ಪಾಸೆಯೊ ದೆ ಅಗುವಾಸ್’ ಎಂಬ ಕಮಾನುಗಳ ವಿಹಾರತಾಣ ಇದೆ. ಅದನ್ನು ಆಕೆಗಾಗಿಯೇ ಕಟ್ಟಿಸಿದ್ದು ಎಂದು ಜನ ಹೇಳುತ್ತಾರೆ. ಪ್ರೇಮಿ ಕಟ್ಟಿಸಿಕೊಟ್ಟದ್ದು ಎಂಬ ಕಥೆಗೆ ಕೇಳುಗರು ಸಿಗುತ್ತಾರೆ. ಆಕೆಯೇ ನಡೆಸಿದ ರಂಗಮಂದಿರದ ಕಥೆಗೆ ಅಷ್ಟು ಮಂದಿ ಸಿಗುವುದಿಲ್ಲ.

1819ರ ಮೇ 16ರಂದು, ಎಪ್ಪತ್ತು ವರ್ಷದ ಮಿಕಾಯೆಲಾ ರಿಮಾಕ್‌ನ ಮನೆಯಲ್ಲಿ ತೀರಿಕೊಂಡಳು. ಆಗಿನ್ನೂ ಪೆರು ಸ್ಪೇನ್ ಕೈಯಲ್ಲೇ ಇತ್ತು. ಎರಡು ವರ್ಷ ಕಳೆದು 1821ರ ಜುಲೈನಲ್ಲಿ ಲಿಮಾದ ಪ್ರಮುಖರು ಸೇರಿ ಸ್ವಾತಂತ್ರ್ಯದ ಘೋಷಣಾ ಪತ್ರಕ್ಕೆ ಸಹಿ ಹಾಕಿದರು. ಆ ಸಹಿಗಳ ನಡುವೆ ಆಕೆಯ ಮಗನದೂ ಇದೆ. ಸ್ಪೇನ್ ದೊರೆಯ ಪ್ರತಿನಿಧಿಗೆ ಹುಟ್ಟಿ, ನಟಿಯ ಮಗ ಎಂದು ಆಡಿಸಿಕೊಂಡು ಬೆಳೆದವನು ಸ್ಪೇನ್ ಬೇಡ ಎನ್ನುವ ಕಾಗದಕ್ಕೆ ರುಜು ಹಾಕಿದ. ಅವನ ಹೆಸರಿನಲ್ಲಿ ಎರಡು ಮನೆತನಗಳಿವೆ. ಮಾನ್ಯುಯೆಲ್ ಅಮಾತ್ ಇ ವಿಯೆಗಾಸ್. ಮೊದಲನೆಯದು ವೈಸರಾಯ್‌ದು. ಕೊನೆಯದು ಅಮ್ಮನದು, ಅವಳ ನಿಜವಾದ ಹೆಸರು.